ಗೊನೆ ಎಷ್ಟು, ಬಾಡಿಗೆ ಎಷ್ಟು

ನಂಜನಗೂಡಿನ ರಸಬಾಳೆ ಬೆಳೆಗಾರರೊಬ್ಬರು ಮೈಸೂರಿನ ಮಂಡಿಗೆ ಗೊನೆ ಸಾಗಿಸುತ್ತಾರೆ ಎಂದುಕೊಳ್ಳೋಣ. ಗಾಡಿ ಬಾಡಿಗೆ 600 ರೂಪಾಯಿ. ಗೊನೆ ಹತ್ತಿದ್ದರೂ ನಲವತ್ತಿದ್ದರೂ ಅಷ್ಟೇ. ಕಡಿದು ಹೊರುವ ಕೂಲಿ ಗೊನೆಗೆ 15 ರೂಪಾಯಿ. ಇವತ್ತು ಎಷ್ಟು ಗೊನೆ ಬಲಿತಿವೆ? ತೋಟಕ್ಕೆ ಹೋಗಿಯೇ ನೋಡಬೇಕು. ಆ ತಿಳಿಯದ ಸಂಖ್ಯೆಯನ್ನು ಎಕ್ಸ್ ಎಂದರೆ, ಖರ್ಚು 15 ಎಕ್ಸ್ ಪ್ಲಸ್ 600.

ಶಾಲೆಯ ಬೀಜೋಕ್ತಿ ಇದೇ. ಎಕ್ಸ್ ಚರಾಕ್ಷರ, 15 ಅದರ ಸಹಗುಣಕ, 600 ಸ್ಥಿರಾಂಕ. ಹನ್ನೆರಡನೇ ಶತಮಾನದಲ್ಲಿ ಎರಡನೇ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ತಿಳಿಯದ ಮೊತ್ತಗಳನ್ನು ಕಾಲಕ, ನೀಲಕ, ಪೀತಕ ಎಂದು ಬಣ್ಣಗಳಿಂದ ಗುರುತಿಸಿದರು. ಎಂಥ ಸೊಗಸು!

ಇಪ್ಪತ್ತು ಗೊನೆಗೆ ಖರ್ಚು 900. ನಲವತ್ತಕ್ಕೆ 1,800 ಅಲ್ಲ, 1,200. ಗೊನೆಯೊಂದಕ್ಕೆ 45 ಬೀಳುತ್ತಿದ್ದದ್ದು 30ಕ್ಕೆ ಇಳಿಯಿತು. ತಿ. ನರಸೀಪುರದ ಕಡೆಯ ಇಬ್ಬರು ರೈತರು ಸೇರಿ ಒಂದೇ ಗಾಡಿ ಮಾಡಿಕೊಂಡರೆ ಅವರು ಹಂಚಿಕೊಳ್ಳುವುದು ಸ್ಥಿರಾಂಕವನ್ನು. ಕೂಲಿಯಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ.

ಸ್ಥಿರಾಂಕವೆಂದರೆ ಎಂದೆಂದಿಗೂ ಕದಲದ್ದು ಎಂದು ಮಕ್ಕಳು ತಿಳಿಯಬಾರದು. ಡೀಸೆಲ್ ಬೆಲೆ ಏರಿದರೆ ನಾಳೆ ಬಾಡಿಗೆ 700 ಆಗಬಹುದು. ಗೊನೆಗಳ ಲೆಕ್ಕ ಬದಲಾದರೂ ಅದು ಬದಲಾಗದು ಎಂಬುದಷ್ಟೇ ಅದರ ಸ್ಥಿರತೆ. ಅಕ್ಷರ ಕಂಡೊಡನೆ ಮಕ್ಕಳು ಹೆದರುವುದು, ಅದು ಯಾವುದರ ಬದಲು ನಿಂತಿದೆ ಎಂದು ಯಾರೂ ಹೇಳದಿದ್ದಾಗ. ಮೊದಲು ತೋಟ, ಗಾಡಿ, ಕೂಲಿ ಬರಲಿ. ಎಕ್ಸ್ ಆಮೇಲೆ ಬರಲಿ.

ಮನೆಯಲ್ಲಿ ಏಳನೇ ತರಗತಿಯ ಮಗುವಿದ್ದರೆ ಇವತ್ತು ಕೇಳಿ: ಕೂಲಿ 20 ಆದರೆ ಇಲ್ಲಿ ಯಾವುದು ಬದಲಾಗುತ್ತದೆ? ಗೊನೆ ಕಡಿಯದೆಯೇ ಗಾಡಿ ಬಂದು ನಿಂತರೆ ಖರ್ಚು ಎಷ್ಟು?