ಕ್ಯಾಲೆಂಡರ್ ನೋಡಿ ಓಡಿದವನು

ಪುಣೆಗೆ ಕೆಲಸಕ್ಕೆ ಬಂದ ಮೇಲೆ ಲಾಂಗ್ ವೀಕೆಂಡ್ ಅಂದ್ರೆ ಗೋವಾ, ನಿಮಗೂ ಗೊತ್ತಿರೋದೇ. ಒಮ್ಮೆ ಟೀಮ್ ಜೊತೆ ಪೊರ್ವೋರಿಮ್‌ನ ಒಂದು ಹಳೇ ರೆಸ್ಟೋರೆಂಟ್‌ಗೆ ಹೋಗಿದ್ವಿ. ಅಲ್ಲೊಂದು ಟೇಬಲ್ ಹತ್ರ ಚಾರ್ಲ್ಸ್ ಶೋಭರಾಜನ ಪ್ರತಿಮೆ. 1986ರ ಏಪ್ರಿಲ್‌ನಲ್ಲಿ ಅವನು ಸಿಕ್ಕಿಬಿದ್ದ ಜಾಗ. ಎಲ್ಲರ ಹಾಗೆ ನಾನೂ ಪಕ್ಕದಲ್ಲಿ ನಿಂತು ಸೆಲ್ಫಿ ತಗೊಂಡೆ. ಆಮೇಲೆ ಆ ಕೇಸಿನ ಬಗ್ಗೆ ಓದ್ತಾ ಹೋದೆ. ಆ ಫೋಟೋ ಈಗ ನನ್ನ ಫೋನ್‌ನಲ್ಲಿಲ್ಲ.

1970ರ ದಶಕದಲ್ಲಿ ಇವನು ಪ್ರವಾಸಿಗರ ಸ್ನೇಹ ಬೆಳೆಸಿ, ಮದ್ದು ಹಾಕಿ ದೋಚ್ತಿದ್ದ. ಅವರದೇ ಪಾಸ್‌ಪೋರ್ಟ್ ತಿದ್ದಿಕೊಂಡು ಗಡಿ ದಾಟ್ತಿದ್ದ. 1975ರ ಡಿಸೆಂಬರ್‌ನಲ್ಲಿ ಥಾಯ್ಲೆಂಡ್‌ನಲ್ಲಿ ಒಂದು ಡಚ್ ಜೋಡಿಯ ಕೊಲೆಯಾಯ್ತು. ಅದಾದ ಮೇಲೆ ಕಠ್ಮಂಡುವಿನಲ್ಲಿ ಇನ್ನಿಬ್ಬರು. ಮರುವರ್ಷ ಮಾರ್ಚ್‌ನಲ್ಲಿ ಬ್ಯಾಂಕಾಕ್ ಪೊಲೀಸರು ಹಿಡಿದು, ವಿಚಾರಿಸಿ, ಬಿಟ್ಟೇಬಿಟ್ರು. ಅವನು ದೇಶ ಬಿಟ್ಟ. ಜುಲೈನಲ್ಲಿ ದೆಹಲಿಯಲ್ಲಿ ಫ್ರೆಂಚ್ ವಿದ್ಯಾರ್ಥಿಗಳಿಗೆ ಮದ್ದು ಹಾಕಲು ಹೋಗಿ ಅವರ ಕೈಗೇ ಸಿಕ್ಕಿಬಿದ್ದು ತಿಹಾರ್ ಸೇರಿದ.

ಅಲ್ಲಿಂದ ಮುಂದೆ ಅವನು ಓಡಿದ್ದು ಕ್ಯಾಲೆಂಡರ್ ನೋಡಿ. ಥಾಯ್ಲೆಂಡ್‌ನಲ್ಲಿ ಕೊಲೆ ಕೇಸಿಗೆ 20 ವರ್ಷದ ಕಾಲಮಿತಿ. ಸಾಬೀತಾದ್ರೆ ಮರಣದಂಡನೆ ಆಗಬಹುದು. ತಿಹಾರ್ ಶಿಕ್ಷೆ ಬೇಗ ಮುಗಿದ್ರೆ ಬ್ಯಾಂಕಾಕ್ ಕಾಯ್ತಿತ್ತು. 1986ರ ಮಾರ್ಚ್‌ನಲ್ಲಿ ಹುಟ್ಟುಹಬ್ಬ ಅಂತ ಹೇಳಿ, ಕಾವಲಿನವರಿಗೆ ಮದ್ದು ಬೆರೆಸಿದ ಸಿಹಿ ತಿನ್ನಿಸಿ ಹೊರಗೆ ಬಂದ. ಮೂರೇ ವಾರ. 1971ರಲ್ಲೂ ಇವನನ್ನ ಹಿಡಿದಿದ್ದ ಮುಂಬೈ ಪೊಲೀಸ್‌ನ ಮಧುಕರ್ ಝೇಂಡೆ ಗೋವಾದಲ್ಲಿ ಮತ್ತೆ ಹಿಡಿದ್ರು. ಜೈಲುವಾಸ ಬೆಳೀತು. ಅದಕ್ಕೇ ಓಡಿದ್ದ ಅಂತಾರೆ. ನನಗೂ ಹಾಗೇ ಅನ್ಸುತ್ತೆ. ಪಾಸ್‌ಪೋರ್ಟ್ ಆಟದಲ್ಲಿ ಅಷ್ಟು ಪಳಗಿದವನು ಹೋಗಿ ಗೋವಾದಲ್ಲಿ ಕೂರ್ತಾನಾ? 1997ರಲ್ಲಿ ಬಿಡುಗಡೆಯಾದಾಗ ಥಾಯ್ ವಾರಂಟಿನ ಅವಧಿ ಮುಗಿದಿತ್ತು. ಆರಾಮಾಗಿ ಫ್ರಾನ್ಸ್‌ಗೆ ಹೋದ.

ನಾನು ಇವತ್ತು ಹೇಳಬೇಕಂತ ಬಂದಿದ್ದು ಇನ್ನೊಬ್ಬರ ಬಗ್ಗೆ. ಹರ್ಮನ್ ಕ್ನಿಪ್ಪೆನ್‌ಬರ್ಗ್ ಅಂತ, ಆಗ ಬ್ಯಾಂಕಾಕ್‌ನಲ್ಲಿದ್ದ ಡಚ್ ರಾಜತಾಂತ್ರಿಕರು. ಆ ಜೋಡಿ ಮನೆಗೆ ಕಾಗದ ಬರೆಯೋದು ನಿಂತುಹೋಗಿದೆ ಅಂತ ನೆದರ್‌ಲ್ಯಾಂಡ್ಸ್‌ನಿಂದ ಒಂದು ಪತ್ರ ಬಂದಿತ್ತು. ಅಲ್ಲಿಂದ ಶುರು. ಪತ್ತೇದಾರಿಕೆ ಅವರ ಕೆಲಸವೇ ಅಲ್ಲ. ಆದ್ರೂ ಹೇಳಿಕೆ, ದಾಖಲೆ, ಒಂದೊಂದನ್ನೂ ಸೇರಿಸಿದ್ರು. ನಾವು ಲ್ಯಾಪ್‌ಟಾಪ್ ಬದಲಾದ್ರೆ ಹಳೇ ಮೇಲ್‌ಗಳನ್ನೂ ಕಳ್ಕೋತೀವಿ. ಈ ಮನುಷ್ಯ ವರ್ಷಗಟ್ಟಲೆ ಆ ಕಾಗದಪತ್ರದ ಪೆಟ್ಟಿಗೆಗಳನ್ನ ಬಿಡಲಿಲ್ಲ. 2003ರಲ್ಲಿ ಶೋಭರಾಜ ಅದ್ಯಾವ ಧೈರ್ಯದ ಮೇಲೋ ಕಠ್ಮಂಡುಗೆ ವಾಪಸ್ ಬಂದು ಸಿಕ್ಕಿಬಿದ್ದಾಗ, ನಿವೃತ್ತರಾಗಿ ನ್ಯೂಜಿಲೆಂಡ್‌ನಲ್ಲಿದ್ದ ಅವರು ಆ ಪೆಟ್ಟಿಗೆಗಳನ್ನ ತೆಗೆದ್ರು.

2004ರಲ್ಲಿ ನೇಪಾಳದ ಕೋರ್ಟು ಜೀವಾವಧಿ ಶಿಕ್ಷೆ ಕೊಡ್ತು. 2014ರಲ್ಲಿ ಎರಡನೇ ಕೊಲೆಗೂ ಶಿಕ್ಷೆಯಾಯ್ತು. 2022ರ ಡಿಸೆಂಬರ್‌ನಲ್ಲಿ, 78ರ ವಯಸ್ಸು ಅಂತ ಬಿಟ್ಟು ಫ್ರಾನ್ಸ್‌ಗೆ ಕಳಿಸಿದ್ರು.

ಆ ಡಚ್ ಜೋಡಿಯ ಕೇಸು, ಇಷ್ಟಕ್ಕೆಲ್ಲ ಮೂಲವಾದ ಕೇಸು, ವಿಚಾರಣೆಗೆ ಬರಲೇ ಇಲ್ಲ.