ದೂರು ಕೇಳುವವರು ಯಾರು?

ಎಲ್ಲೋ ನೆರೆ ಬಂತು ಎಂದರೆ ನೀವು ಒಂದೇ ವಾರದಲ್ಲಿ ಹಣ ಕೂಡಿಸುತ್ತೀರಿ, ದಾನಿಗಳಿಗೆ ಲೆಕ್ಕವನ್ನೂ ಕಳಿಸುತ್ತೀರಿ. ಆದರೆ ನೆರವು ಪಡೆದವರಿಗೆ ಲೆಕ್ಕ ಒಪ್ಪಿಸುವವರು ಯಾರು?

2004ರ ಸುನಾಮಿಯ ಹೊತ್ತಿನಲ್ಲಿ ಜಗತ್ತು ಧಾರಾಳವಾಗಿ ಕೊಟ್ಟಿತು. ಆ ಕೆಲಸವನ್ನು ಪರಿಶೀಲಿಸಿದ ಒಕ್ಕೂಟವೊಂದು 2006ರಲ್ಲಿ ಹೇಳಿದ್ದು, ಸಂತ್ರಸ್ತರಿಗೆ ಮಾಹಿತಿಯನ್ನೇ ಸರಿಯಾಗಿ ಕೊಟ್ಟಿರಲಿಲ್ಲ ಎಂದು. 2014ರಲ್ಲಿ ನೆರವು ಸಂಸ್ಥೆಗಳಿಗಾಗಿ ‘ಕೋರ್ ಹ್ಯುಮಾನಿಟೇರಿಯನ್ ಸ್ಟ್ಯಾಂಡರ್ಡ್’ ಬಂತು. ಅಂದಿನ ಅದರ ಒಂಬತ್ತು ಬದ್ಧತೆಗಳಲ್ಲಿ ಐದನೆಯದು, ದೂರುಗಳನ್ನು ಸ್ವಾಗತಿಸಿ ಪರಿಹರಿಸಬೇಕು ಎನ್ನುತ್ತಿತ್ತು. ಸ್ವಾಗತಿಸಬೇಕಂತೆ! ‘ಕೊಟ್ಟಿದ್ದು ತಗೊಂಡು ಸುಮ್ಮನಿರಿ’ ಅನ್ನುವವರೇ ಹೆಚ್ಚಲ್ಲವೇ?

ಇದು ಅಕ್ಕಿ ಹಂಚುವ ದಿನ ನೆನಪಾದರೆ ಆಗುವ ಕೆಲಸವಲ್ಲ. ಗೋಡೆಗೆ ದೂರುಪೆಟ್ಟಿಗೆ ನೇತುಹಾಕಿದರೆ ಓದುಬರಹ ಬಾರದ ಅಜ್ಜಿ ಏನು ಮಾಡಬೇಕು? ಅವರ ಭಾಷೆ ಬಲ್ಲ ಹೆಣ್ಣುಮಗಳೊಬ್ಬಳು ಕೂತು ಕೇಳಬೇಕು, ಅವಳ ಸಂಬಳ ಮೊದಲೇ ಬಜೆಟ್ಟಿನಲ್ಲಿರಬೇಕು. ಅಕ್ಕಿ ಹಂಚಿದವನ ಮೇಲಿನ ದೂರು ಅವನ ಕೈಗೇ ಸೇರಬಾರದು. ಸೇರಿದರೆ ಮುಂದಿನ ಸಲ ಆ ಅಜ್ಜಿಗೆ ಅಕ್ಕಿ ಸಿಕ್ಕೀತೇ?

ಇನ್ನು ಮುಂದೆ ಹಣ ಕಳಿಸುವ ಮುನ್ನ ಸಂಸ್ಥೆಯವರನ್ನು ಕೇಳಿ: ಹೋದ ವರ್ಷ ಎಷ್ಟು ದೂರು ಬಂದವು, ಏನು ಮಾಡಿದಿರಿ? ‘ಒಂದೂ ಬಂದಿಲ್ಲ’ ಎಂದು ಹೆಮ್ಮೆಯಿಂದ ಹೇಳಿದರೆ, ದೂರು ಹೇಳಲು ದಾರಿ ಎಲ್ಲಿತ್ತು ಎಂದು ಮತ್ತೊಮ್ಮೆ ಕೇಳಿ.