ಆಲ್‌ಸ್ಟಾರ್ ತಂಡಕ್ಕೆ ನಾಳೆ ಮ್ಯಾಚ್ ಇರಲ್ಲ

ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗೋದು ಬಿಟ್ಟು ಮಲ್ಕಾಜ್‌ಗಿರಿ ತನಕ ಬಂದಿದ್ದೀರಿ. ಗಚ್ಚಿಬೌಲಿ, ಕೊಂಡಾಪುರದಿಂದ ಬಂದವರಿಗಂತೂ ಎರಡು ಪಟ್ಟು ಥ್ಯಾಂಕ್ಸ್. ಇವತ್ತು ನಾನು ಮಾತಾಡೋದು ಫುಟ್‌ಬಾಲ್ ಬಗ್ಗೆ. ಆಫ್‌ಸೈಡ್ ಅಂದ್ರೇನು ಅಂತ ಗೊತ್ತಿಲ್ಲದವರೂ ಆರಾಮಾಗಿ ಕೂತು ಕೇಳಬಹುದು. ಯಾಕಂದ್ರೆ ಪ್ರಶ್ನೆ ಆಟದ್ದಲ್ಲ, ತಂಡದ್ದು. ಒಳ್ಳೊಳ್ಳೆ ಆಟಗಾರರನ್ನೆಲ್ಲ ಆರಿಸಿ ಒಂದೇ ಬಣ್ಣದ ಜೆರ್ಸಿ ಹಾಕಿಸಿದರೆ ಅದು ತಂಡ ಆಗುತ್ತಾ?

ನಮ್ಮ ಪಕ್ಕದಿಂದಲೇ ಶುರು ಮಾಡೋಣ. 2025ರ ಡಿಸೆಂಬರ್ 13. ಉಪ್ಪಲ್ ಸ್ಟೇಡಿಯಂ. ಉಪ್ಪಲ್ ಇರೋದೂ ನಮ್ಮ ಮೇಡ್ಚಲ್–ಮಲ್ಕಾಜ್‌ಗಿರಿ ಜಿಲ್ಲೆಯಲ್ಲೇ. ಅವತ್ತು ಮೆಸ್ಸಿ ಬಂದಿದ್ದರು, ಜೊತೆಗೆ ಸುವಾರೆಜ್, ಡಿ ಪಾಲ್. ಒಂದು ಪ್ರದರ್ಶನ ಪಂದ್ಯ ಏರ್ಪಾಡಾಗಿತ್ತು. ಒಂದು ತಂಡದ ಹೆಸರಲ್ಲೇ 'ಮೆಸ್ಸಿ ಆಲ್‌ಸ್ಟಾರ್ಸ್' ಅಂತ ಇತ್ತು. ಇನ್ನೊಂದು ತಂಡದ ಕಡೆಯಿಂದ ಮುಖ್ಯಮಂತ್ರಿ ರೇವಂತ್ ರೆಡ್ಡಿಯವರೇ ಕಣಕ್ಕಿಳಿದರು. ಹಿಂದೆ ಅವರು ನಮ್ಮ ಮಲ್ಕಾಜ್‌ಗಿರಿಯ ಸಂಸದರಾಗಿದ್ದವರು. ಮೆಸ್ಸಿ ಸ್ವಲ್ಪ ಹೊತ್ತು ಚೆಂಡು ತಟ್ಟಿದರು, ಗ್ಯಾಲರಿಗೆ ಒದ್ದರು, ಕೈಬೀಸಿದರು, ಹೊರಟರು. ಅದೇ ದಿನ ಬೆಳಿಗ್ಗೆ ಕೋಲ್ಕತ್ತದಲ್ಲಿ ದುಡ್ಡು ಕೊಟ್ಟು ಹೋದವರಿಗೆ ಮೆಸ್ಸಿ ಸರಿಯಾಗಿ ಕಾಣಿಸಲೇ ಇಲ್ಲ ಅಂತ ಕುರ್ಚಿ, ಬಾಟಲಿ ಹಾರಾಡಿದ್ದನ್ನು ನೀವೆಲ್ಲ ನೋಡಿದ್ದೀರಿ. ಹೈದರಾಬಾದಿನಲ್ಲಿ ಅಂಥದ್ದೇನೂ ಆಗಲಿಲ್ಲ. ಜನ ಖುಷಿಯಾಗಿ ಮನೆಗೆ ಹೋದರು.

ಖುಷಿಪಟ್ಟವರ ಬಗ್ಗೆ ನನ್ನ ತಕರಾರಿಲ್ಲ. ಮೆಸ್ಸಿಯನ್ನು ಕಣ್ಣಾರೆ ನೋಡೋ ಅವಕಾಶ ಬಂದರೆ ಯಾರು ಬಿಡ್ತಾರೆ? ಆದರೆ ಅದೇ ರಾತ್ರಿ ಇನ್ನೂ ಎರಡು ಸಂಗತಿ ನಿಜವಾಗಿದ್ದವು. ಒಂದು, ನಮ್ಮ ದೇಶದ ಅಗ್ರ ಫುಟ್‌ಬಾಲ್ ಲೀಗ್ ಐಎಸ್ಎಲ್, ಆ ವರ್ಷ ಅಲ್ಲಿಯವರೆಗೂ ಶುರುವೇ ಆಗಿರಲಿಲ್ಲ. ಲೀಗಿನ ವಾಣಿಜ್ಯ ಹಕ್ಕಿನ 15 ವರ್ಷಗಳ ಒಪ್ಪಂದ ಮುಗಿದು, ಮುಂದೇನು ಅಂತ ಯಾರಿಗೂ ತಿಳಿಯದೆ ಆಟಗಾರರು ಕೈಕಟ್ಟಿ ಕೂತಿದ್ದರು. ಎರಡು, ಹೈದರಾಬಾದಿಗೆ ಅಂತ ಇದ್ದ ಐಎಸ್ಎಲ್ ತಂಡ ಊರು ಬಿಟ್ಟು ದೆಹಲಿಗೆ ಹೋಗಿಯಾಗಿತ್ತು. ಸ್ಟಾರ್‌ಗಳಿಗೆ ಸ್ಟೇಡಿಯಂ ತುಂಬಿದ ಊರಲ್ಲಿ ತಂಡಕ್ಕೆ ಜಾಗ ಉಳಿದಿರಲಿಲ್ಲ. ನಾನು ಹೇಳಬೇಕಾದದ್ದು ಇದರ ಸುತ್ತಲೇ ಇದೆ.

ಮೊದಲು ಆಲ್‌ಸ್ಟಾರ್ ಅಂದ್ರೆ ಏನು ಅಂತ ನೋಡೋಣ. ಅಮೆರಿಕದ ಎಂಎಲ್ಎಸ್ ಲೀಗ್ 1996ರಲ್ಲಿ ಆಟ ಶುರು ಮಾಡಿತು. ಹೊಸ ಲೀಗ್, ಜಗತ್ತಿನಲ್ಲಿ ಯಾರೂ ಗಂಭೀರವಾಗಿ ತಗೊಳ್ತಿರಲಿಲ್ಲ. ಅವರೊಂದು ಉಪಾಯ ಮಾಡಿದರು. ಲೀಗಿನ ಬೇರೆ ಬೇರೆ ಕ್ಲಬ್‌ಗಳಿಂದ ಒಳ್ಳೆಯವರನ್ನು ಆರಿಸಿ ಒಂದು ತಂಡ ಕಟ್ಟೋದು, ಹೊರಗಿನ ದೊಡ್ಡ ಕ್ಲಬ್ ಒಂದನ್ನು ಕರೆಸಿ ಅದರ ಜೊತೆ ಸೌಹಾರ್ದ ಪಂದ್ಯ ಆಡಿಸೋದು. 2006ರಲ್ಲಿ ಚೆಲ್ಸಿಯನ್ನು 1–0ಯಿಂದ ಸೋಲಿಸಿದರು. 2014ರಲ್ಲಿ ಬಯರ್ನ್ ಮ್ಯೂನಿಕ್ಕನ್ನು 2–1ರಿಂದ. ಪರವಾಗಿಲ್ಲ ಅನಿಸುತ್ತೆ ಅಲ್ವಾ? ಆದರೆ 2010ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಐದು ಗೋಲು ಹೊಡೆಯಿತು, ಮರುವರ್ಷ ನಾಲ್ಕು. 2023ರಲ್ಲಿ ಆರ್ಸೆನಲ್ ಮತ್ತೆ ಐದು.

ಆಸ್ಟ್ರೇಲಿಯಾದ ಎ-ಲೀಗ್ ಕೂಡ ಇದನ್ನೇ ಮಾಡಿತು. 2013ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1–5. 2014ರಲ್ಲಿ ಯುವೆಂಟಸ್ ವಿರುದ್ಧ 2–3. 2022ರಲ್ಲಿ ಬಾರ್ಸಿಲೋನಾ ವಿರುದ್ಧ 2–3. 2024ರಲ್ಲಿ ನ್ಯೂಕಾಸಲ್ ವಿರುದ್ಧ 0–8! ನ್ಯೂಕಾಸಲ್ ಎರಡು ದಿನ ಮೊದಲಷ್ಟೇ ಅದೇ ಮೆಲ್ಬರ್ನ್‌ನಲ್ಲಿ ಇನ್ನೊಂದು ಪಂದ್ಯ ಆಡಿ ಸುಸ್ತಾಗಿ ಬಂದಿತ್ತು.

ಯಾಕೆ ಹೀಗೆ? ಅಮೆರಿಕದವರು ಗೆದ್ದಾಗ ಅವರ ಲೀಗ್ ಅರ್ಧ ದಾರಿಯಲ್ಲಿತ್ತು, ಆಟಗಾರರು ಫಿಟ್ ಆಗಿದ್ದರು. ಯುರೋಪಿನವರು ಬೇಸಿಗೆ ರಜೆ ಮುಗಿಸಿ ಆಗಷ್ಟೇ ಮೈ ಬಿಸಿ ಮಾಡ್ಕೊಳ್ತಿದ್ದರು. ಆ ಅನುಕೂಲ ಇಲ್ಲದಾಗ ಇನ್ನೊಂದು ವ್ಯತ್ಯಾಸ ಎದ್ದು ಕಾಣುತ್ತೆ. ಕ್ಲಬ್ ತಂಡದಲ್ಲಿ ರೈಟ್ ಬ್ಯಾಕ್ ಮುಂದಕ್ಕೆ ಓಡಿದರೆ ಅವನ ಜಾಗ ತುಂಬೋಕೆ ಯಾರು ಬರಬೇಕು ಅಂತ ಹೇಳಬೇಕಾಗಿಲ್ಲ. ನೂರು ಸಲ ಮಾಡಿ ಕಾಲಿಗೇ ಗೊತ್ತಾಗಿರುತ್ತೆ. ಆಲ್‌ಸ್ಟಾರ್ ತಂಡ ಕೆಲವೇ ದಿನ ಮೊದಲು ಸೇರಿರುತ್ತೆ. ಪಕ್ಕದವನ ಪಾಸ್ ಎಡಗಾಲಿಗೆ ಬರುತ್ತೋ ಬಲಗಾಲಿಗೋ ಅನ್ನೋದೂ ಗೊತ್ತಿರಲ್ಲ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ, ಹತ್ತು ಜನ ಆರ್ಕಿಟೆಕ್ಟ್‌ಗಳನ್ನು ಒಂದೇ ಕಾಲ್‌ಗೆ ಸೇರಿಸಿದ ಹಾಗೆ. ಡಯಾಗ್ರಾಂ ಚೆನ್ನಾಗಿ ಬರುತ್ತೆ, ರಿಲೀಸ್ ಆಗಲ್ಲ.

ಹಾಗಂತ ದೊಡ್ಡ ಕ್ಲಬ್‌ಗಳು ಬರೋದೇ ವ್ಯರ್ಥ ಅಂತಲ್ಲ. 1977ರ ಸೆಪ್ಟೆಂಬರ್ 24ರಂದು ಪೆಲೆ ತಮ್ಮ ನ್ಯೂಯಾರ್ಕ್ ಕಾಸ್ಮೋಸ್ ತಂಡದ ಜೊತೆ ಕೋಲ್ಕತ್ತಕ್ಕೆ ಬಂದರು. ಈಡನ್ ಗಾರ್ಡನ್ಸ್‌ನಲ್ಲಿ ಎದುರು ನಿಂತದ್ದು ಮೋಹನ್ ಬಗಾನ್. ಅದು ಆರಿಸಿ ತಂದ ತಂಡ ಅಲ್ಲ, ದಿನಾ ಒಟ್ಟಿಗೆ ಆಡೋ ಕ್ಲಬ್. ಕೋಚ್ ಪಿ.ಕೆ. ಬ್ಯಾನರ್ಜಿ. ಗೌತಮ್ ಸರ್ಕಾರ್ ಪಂದ್ಯವಿಡೀ ಪೆಲೆ ಬೆನ್ನು ಬಿಡಲಿಲ್ಲ. ಫಲಿತಾಂಶ 2–2. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಮುಖ್ಯ ಅನಿಸೋದು ಆಮೇಲಿನದು. ಕೆಲವೇ ದಿನಗಳಲ್ಲಿ ಅದೇ ತಂಡ ಈಸ್ಟ್ ಬೆಂಗಾಲನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದಿತು. ಆ ಸೀಸನ್‌ನಲ್ಲೇ ಡುರಾಂಡ್, ರೋವರ್ಸ್ ಎರಡನ್ನೂ ಗೆದ್ದಿತು. ಪೆಲೆ ಎದುರು ಕಲಿತದ್ದನ್ನು ಹಾಕೋಕೆ ಅವರಿಗೆ ಒಂದು ಜಾಗ ಇತ್ತು, ಅದು ಮುಂದಿನ ಮ್ಯಾಚ್. ಆಲ್‌ಸ್ಟಾರ್ ತಂಡಕ್ಕೆ ನಾಳೆ ಮ್ಯಾಚ್ ಇರಲ್ಲ. ಕಲಿತದ್ದು ಅಲ್ಲೇ ಚದುರಿ ಹೋಗುತ್ತೆ.

ಈಗ ಯಾರಾದರೂ ಕೇಳಬಹುದು. ದೇಶದ ತಂಡ ಕೂಡ ಆರಿಸಿ ಸೇರಿಸಿದ್ದೇ ಅಲ್ವಾ? ಒಳ್ಳೆ ಪ್ರಶ್ನೆ. ಉತ್ತರ ಇದೇ ಹೈದರಾಬಾದಿನಲ್ಲಿದೆ, ಸೈಯದ್ ಅಬ್ದುಲ್ ರಹೀಂ. 'ಮೈದಾನ್' ಸಿನಿಮಾ ನೋಡಿದವರಿಗೆ ಹೆಸರು ಗೊತ್ತು. ಮೊದಲು ಶಾಲೆ ಮೇಷ್ಟ್ರು. ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿದರು. ಆ ತಂಡ 1950ರಿಂದ 1954ರ ತನಕ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಭಾರತದ ಕೋಚ್ ಆದಾಗ ಅವರ ಕೈಗೆ ಸಿಕ್ಕಿದ್ದೂ ಒಂಥರಾ ಆಲ್‌ಸ್ಟಾರ್ ಪಟ್ಟಿಯೇ. ಬಂಗಾಳದವರು, ಪಂಜಾಬಿನವರು, ಹೈದರಾಬಾದಿನವರು, ಬಾಂಬೆಯವರು. ಅವರು ಮಾಡಿದ್ದಿಷ್ಟೇ, ಕ್ಯಾಂಪ್ ಹಾಕಿ ದಿನಗಟ್ಟಲೆ ಒಟ್ಟಿಗೆ ಆಡಿಸಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಜಕಾರ್ತದ ಫೈನಲ್‌ನಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಫಾರ್ವರ್ಡ್ ಆಡಿಸಿದರು, ಅವರೊಂದು ಗೋಲು ಹೊಡೆದರು. ದಕ್ಷಿಣ ಕೊರಿಯಾ ವಿರುದ್ಧ 2–1. ನಾಲ್ಕು ದಿನದ ಪರಿಚಯದಲ್ಲಿ ಇಂಥ ಬದಲಾವಣೆ ಮಾಡೋ ಧೈರ್ಯ ಯಾರಿಗೂ ಬರಲ್ಲ.

ಆ ತಂಡದ ಇನ್ನೊಬ್ಬರು ನಮ್ಮ ನೆರೆಯವರು. ಮಲ್ಕಾಜ್‌ಗಿರಿಯಿಂದ ಬೊಲಾರಂ ಕಡೆ ಹೋಗೋ ರೈಲು ಹಳಿ ಹಿಡಿದು ಸಫಿಲ್‌ಗುಡ ದಾಟಿದರೆ ಅಮ್ಮುಗುಡ ಬರುತ್ತೆ. ತುಳಸಿದಾಸ್ ಬಲರಾಂ ಹುಟ್ಟಿದ್ದು ಅಲ್ಲೇ. ಮನೆಮಾತು ತಮಿಳು. ಹೊರಗಿನಿಂದ ಬಂದು ಇಲ್ಲಿ ನೆಲೆ ನಿಂತ, ಕೈಯಲ್ಲಿ ಕಾಸಿಲ್ಲದ ಮನೆ. ಅಷ್ಟು ದೂರದ ಪ್ರಾಕ್ಟೀಸಿಗೆ ದಿನಾ ಬರೋಕಾಗಲ್ಲ ಅಂದಾಗ ರಹೀಂ ಸಾಹೇಬರು ಸೈಕಲ್ ಬಾಡಿಗೆಗೆ ದುಡ್ಡು ಕೊಟ್ಟರು. ಹುಡುಗ ಹೈದರಾಬಾದಿಗೆ ಸಂತೋಷ್ ಟ್ರೋಫಿ ಆಡಿದ, 1957ರಲ್ಲಿ ಈಸ್ಟ್ ಬೆಂಗಾಲ್ ಸೇರಿದ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೆರಿ ವಿರುದ್ಧ ಗೋಲು ಹೊಡೆದ. ಚುನಿ, ಪಿ.ಕೆ., ಬಲರಾಂ ಅಂತ ಮೂವರ ಹೆಸರನ್ನು ಒಟ್ಟಿಗೇ ಹೇಳೋ ಮಟ್ಟಕ್ಕೆ ಬೆಳೆದರು. 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಯೋಚನೆ ಮಾಡಿ, ಬಾಡಿಗೆ ಸೈಕಲ್ಲಿನ ದುಡ್ಡಿನಲ್ಲಿ ಒಬ್ಬ ಒಲಿಂಪಿಯನ್ ಸಿಕ್ಕಿದ. ಆ ದುಡ್ಡು ಕೊಡೋಕೆ ಒಬ್ಬ ಮೇಷ್ಟ್ರು ದಿನಾ ಗ್ರೌಂಡಿನಲ್ಲಿರಬೇಕಿತ್ತು, ಅಷ್ಟೇ.

ಇನ್ನು ಊರು ಬಿಟ್ಟು ಹೋದ ತಂಡದ ಕಥೆ. ಪುಣೆ ಕ್ಲಬ್ ಮುಚ್ಚಿದಾಗ ಅದರ ಜಾಗಕ್ಕೆ 2019ರಲ್ಲಿ ಹೈದರಾಬಾದ್ ಎಫ್‌ಸಿ ಬಂತು. 2025ರಲ್ಲಿ ದೆಹಲಿಗೆ. ನಮ್ಮ ಹಾಗೇ, ಪುಣೆ, ಹೈದರಾಬಾದ್, ದೆಹಲಿ ಅಂತ ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್! ನಡುವೆ 2022ರ ಮಾರ್ಚ್ 20ರಂದು ಐಎಸ್ಎಲ್ ಗೆದ್ದಿತು. ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಜೊತೆ 1–1 ಆಗಿ ಪೆನಾಲ್ಟಿಗೆ ಹೋದಾಗ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರು ಒದೆತ ತಡೆದರು. ಕಟ್ಟಿಮನಿ ಅನ್ನೋ ಹೆಸರು ಕೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತೆ ಅಲ್ವಾ? ಆದರೆ ಕೋವಿಡ್ ಕಾರಣಕ್ಕೆ ಆ ಸೀಸನ್ ಪೂರ್ತಿ ಗೋವಾದಲ್ಲೇ ನಡೆಯಿತು. ತಂಡ ಚಾಂಪಿಯನ್ ಆದ ವರ್ಷ ಗಚ್ಚಿಬೌಲಿಯಲ್ಲಿ ಒಂದೇ ಒಂದು ಪಂದ್ಯ ಆಗಲಿಲ್ಲ. ಮತ್ತೆ ತಂಡ ಊರಿಗೆ ಬಂದಾಗ ಆಟ ನಡೀತಿದ್ದದ್ದು ನಮ್ಮಲ್ಲಿ ಎಷ್ಟೋ ಜನರ ಆಫೀಸಿನ ಪಕ್ಕದಲ್ಲೇ, ಬಾಲಯೋಗಿ ಸ್ಟೇಡಿಯಂನಲ್ಲಿ. ಕೈ ಎತ್ತಿ ನೋಡೋಣ, ಎಷ್ಟು ಜನ ಹೋಗಿದ್ದಿರಿ? ಮೂರು. ಉಪ್ಪಲ್‌ಗೆ ಮೆಸ್ಸಿ ನೋಡೋಕೆ? ನೋಡಿ, ಅರ್ಧ ಹಾಲ್.

ಬರೀ ಜನ ಬರಲಿಲ್ಲ ಅಂತ ಕ್ಲಬ್ ಹೋಯ್ತು ಅಂತ ನಾನು ಹೇಳಲ್ಲ. ಕ್ಲಬ್ ನಡೆಸೋದಕ್ಕೆ ಕೋಟಿಗಟ್ಟಲೆ ಬೇಕು, ಮಾಲೀಕರ ಕೈ ಗಟ್ಟಿ ಇರಬೇಕು, ಲೀಗ್ ನೆಟ್ಟಗಿರಬೇಕು. ಆದರೆ ತಂಡ ಹೋಗುತ್ತೆ ಅಂದಾಗ ಊರು ಎದ್ದು ನಿಂತು ಬೇಡ ಅನ್ನಬೇಕಾದರೆ, ಮೊದಲು ಊರಿಗೆ ಅದು ನಮ್ಮದು ಅನಿಸಿರಬೇಕು. ಅದು ಒಂದು ರಾತ್ರಿಯಲ್ಲಿ ಅನಿಸಲ್ಲ.

ಈ ಮಾತು ನಮಗೂ ತಾಗುತ್ತೆ. ಹೊರನಾಡಿನಲ್ಲಿ ನಾವು ಕನ್ನಡಿಗರು ಸೇರೋದು ಎರಡು ಥರ. ಒಂದು, ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಗಾಯಕರನ್ನು ಕರೆಸಿ, ಹಾಲ್ ಬುಕ್ ಮಾಡಿ, ಹೋಳಿಗೆ ಊಟ ಹಾಕಿಸಿ ಚೆದುರೋದು. ಅದು ನಮ್ಮ ಆಲ್‌ಸ್ಟಾರ್ ನೈಟ್. ಇರಲಿ, ಬೇಕು, ಅದರಿಂದಲೇ ಎಷ್ಟೋ ಜನರ ಪರಿಚಯ ಆಗುತ್ತೆ. ಇನ್ನೊಂದು, ಪ್ರತಿ ಭಾನುವಾರ ಎಂಟೋ ಹತ್ತೋ ಮಕ್ಕಳಿಗೆ ಅ ಆ ಇ ಈ ತಿದ್ದಿಸೋ ಕ್ಲಾಸು. ಅಲ್ಲಿ ಫೋಟೋ ತೆಗೆಯೋರಿಲ್ಲ, ಪಾಠ ಮಾಡೋ ಅಕ್ಕನಿಗೆ ಹುಷಾರಿಲ್ಲ ಅಂದ್ರೆ ಅವತ್ತು ಕ್ಲಾಸೇ ಇಲ್ಲ. ಆಗ ಬದಲಿಗೆ ನಿಲ್ಲೋಕೆ ಇನ್ನೊಬ್ಬರು ಇದ್ದಾರೆ ಅಂದ್ರೆ ಅದು ತಂಡ.

ಫುಟ್‌ಬಾಲ್ ವಿಷಯಕ್ಕೆ ಬಂದರೆ, ಹೈದರಾಬಾದಿನಲ್ಲಿ ಆಟ ಸತ್ತಿಲ್ಲ. ಅಜೀಜ್‌ನಗರದ ಡೆಕ್ಕನ್ ಅರೀನಾದಲ್ಲಿ ಶ್ರೀನಿಧಿ ಡೆಕ್ಕನ್ ಅಂತ ಕ್ಲಬ್ ಇದೆ. 2022–23, 2023–24 ಎರಡೂ ವರ್ಷ ಐ-ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದ ತಂಡ. ಮಲ್ಕಾಜ್‌ಗಿರಿಯಿಂದ ಊರಿನ ಆ ತುದಿ, ನಿಜ. ಮೆಸ್ಸಿಗೆ ಅಂತ ಗಚ್ಚಿಬೌಲಿಯಿಂದ ಈ ತುದಿಗೆ ಬಂದ ಜನ ನಾವು, ಒಂದು ಸಲ ಆ ಕಡೆಗೂ ಹೋಗಬಹುದು. ಮಕ್ಕಳನ್ನೂ ಕರ್ಕೊಂಡು ಹೋಗಿ. ಹತ್ತು ಹೆಸರಲ್ಲಿ ಒಂದೂ ಗೊತ್ತಿರಲ್ಲ, ಮೊದಲ ಸಲ ಬೋರ್ ಹೊಡೆಯುತ್ತೆ. ಮೂರನೇ ಸಲಕ್ಕೆ ಆ ಲೆಫ್ಟ್ ವಿಂಗರ್ ಯಾಕೆ ಇವತ್ತು ಆಡ್ತಿಲ್ಲ ಅಂತ ನೀವೇ ಕೇಳ್ತೀರಿ.

ಪ್ರಶ್ನೆಗಳಿದ್ದರೆ ಕೇಳಿ. ಭಾನುವಾರದ ಕ್ಲಾಸಿಗೆ ಬದಲಿ ಮೇಷ್ಟ್ರಾಗೋಕೆ ರೆಡಿ ಇರೋರು ಟೀ ಕುಡಿಯುವಾಗ ನನ್ನ ಹತ್ತಿರ ಹೆಸರು ಬರೆಸಿ.